ಕಚ್ಚಿಟ್ಟ ಬಾರಿಹಣ್ಣು

ಗಂಗಾವತಿ ಕಡೆಯ ಹಳ್ಳಿಯೊಂದರಿಂದ ಪ್ರಾಥಮಿಕ ಶಾಲೆಯ ಅಕ್ಕೋರೊಬ್ಬರು ಬರೆದಿದ್ದಾರೆ:

“ಕಳೆದ ಸಂಚಿಕೆಯ ಕವಿತೆಯಲ್ಲಿ, ಬೆಂಗಳೂರಿಗೆ ದುಡಿಯಲು ಹೋದ ಮಗನಿಗಾಗಿ ತಾಯಿಯೊಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ಕೊನೆಗೆ ‘ಕಚ್ಚಿ ನೋಡಿ ಇಟ್ಟ ಬಾರಿಹಣ್ಣು ಸೆರಗಿನಲ್ಲೇ ಒಣಗಿತು’ ಅಂತ ಇದೆ. ಕಚ್ಚಿದ ಹಣ್ಣನ್ನು ಯಾವ ತಾಯಿ ಮಗನಿಗೆ ಕೊಡುತ್ತಾಳೆ? ಅಚ್ಚಿನ ತಪ್ಪು ಅಂದುಕೊಂಡೆ. ಭಗೀರಥ ಪ್ರಯತ್ನ ಮಾಡಿದರೂ ತಿಳಿಯಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರು ‘ಅದು ಶಬರಿ ಕತಿರೀ’ ಅಂದಾಗ ನಾಚಿಕೆ ಆಯಿತು, ಸಿಟ್ಟೂ ಬಂತು. ಹಾಗಿದ್ದರೆ ಶಬರಿ ಅಂತಲೇ ಬರೆಯಬಹುದಿತ್ತಲ್ಲ? ನಮ್ಮಂಥವರಿಗೆ ತಿಳಿಯಬಾರದು ಅಂತಲೇ ಹೀಗೆ ಬರೆಯುತ್ತಾರೋ? ಕೆಳಗೆ ಅರ್ಥವನ್ನಾದರೂ ಹಾಕಿ.”

ಅಕ್ಕೋರೇ, ನಮಸ್ಕಾರ.

ನಾಚಿಕೆ ಬೇಡ. ಸಿಟ್ಟು ಮಾತ್ರ ನ್ಯಾಯವಾದದ್ದು, ಅದನ್ನು ನನ್ನ ಮೇಲೆ ಹಾಕಿ. ಕವಿತೆ ನಮ್ಮ ಕೈಗೆ ಬಂದಾಗ ಅದರಲ್ಲಿ ‘ಶಬರಿಯಂತೆ ಕಾದಳು’ ಅಂತ ಒಂದು ಸಾಲಿತ್ತು. ಅದನ್ನು ತೆಗೆಯಲು ಹೇಳಿದವನು ನಾನೇ.

ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಬಸ್ಸು ತಡವಾದರೂ, ಪಿಂಚಣಿ ತಡವಾದರೂ ‘ಶಬರಿ ಕಾದಂಗ ಕಾದೆ’ ಅನ್ನುತ್ತೇವೆ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ‘ಬಹಳ ಹೊತ್ತು’ ಅಂತ ತಿಳಿದುಕೊಂಡು ಮುಂದಕ್ಕೆ ಹೋಗಿಬಿಡುತ್ತೇವೆ. ಮುದುಕಿಯೂ ಕಾಣುವುದಿಲ್ಲ, ಹಣ್ಣೂ ಕಾಣುವುದಿಲ್ಲ. ನಿಮ್ಮ ಪತ್ರದಲ್ಲೇ ಇರುವ ‘ಭಗೀರಥ ಪ್ರಯತ್ನ’ ನೋಡಿ. ಬೂದಿಯಾಗಿ ಬಿದ್ದ ಹಿರಿಯರಿಗಾಗಿ ಒಬ್ಬ ಅರಸ ಗಂಗೆಯನ್ನೇ ನೆಲಕ್ಕೆ ಇಳಿಸಿದ ಕಥೆ ಅದು. ಆದರೆ ಅದನ್ನು ಬರೆಯುವಾಗ ನಿಮಗೆ ಗಂಗೆ ನೆನಪಾಗಲಿಲ್ಲ, ಓದುವಾಗ ನನಗೂ ಆಗಲಿಲ್ಲ. ತಪ್ಪೇನಿಲ್ಲ, ಅದು ನುಡಿಗಟ್ಟಾಗಿ ಹೋಗಿದೆ. ದಿನದ ಮಾತಿಗೆ ಅಷ್ಟು ಸಾಕು. ಕವಿತೆಗೆ ಸಾಲದು.

ಹೆಸರು ತೆಗೆದು ಹಣ್ಣನ್ನಷ್ಟೇ ಉಳಿಸಿದರೆ ಓದುವವರೇ ಆ ಕಥೆಯನ್ನು ಒಳಗಿಂದ ಎಳೆದು ತರಬೇಕಾಗುತ್ತದೆ. ಹಾಗೆ ಬಂದಾಗ ಅದು ಇಡಿಯಾಗಿ ಬರುತ್ತದೆ. ಹುಳಿ ಇದ್ದೀತು ಅಂತ ಒಂದೊಂದೇ ಹಣ್ಣು ಕಚ್ಚಿ ನೋಡುವ ಮುದುಕಿ ಬರುತ್ತಾಳೆ. ಎಂಜಲು ಅನ್ನುವುದನ್ನೇ ಮರೆಸಿದ ಪ್ರೀತಿ ಬರುತ್ತದೆ. ಕೊನೆಗೆ ರಾಮ ಬಂದು ತಿಂದದ್ದೂ ಬರುತ್ತದೆ. ಶಬರಿಗೆ ರಾಮ ಬಂದ. ಈ ತಾಯಿಗೆ ಮಗ ಬರಲಿಲ್ಲ. ಎರಡನೆಯ ಮಾತು ಕವಿತೆಯಲ್ಲಿದೆ, ಮೊದಲನೆಯದು ಓದುವವರ ಹತ್ತಿರ ಇದೆ. ಎರಡೂ ಕೂಡಿದಾಗಲೇ ಆ ಒಣಗಿದ ಹಣ್ಣು ಎದೆಗೆ ತಾಗುತ್ತದೆ. ಇದಕ್ಕೆ ವಿಮರ್ಶೆಯವರು ಪರೋಕ್ಷ ಉಲ್ಲೇಖ ಅನ್ನುತ್ತಾರೆ. ಉರ್ದು ಕಾವ್ಯದಲ್ಲಿ ತಲ್ಮೀಹ್ ಅನ್ನುತ್ತಾರೆ.

ಇನ್ನೊಂದು ಮಾತು. ವಾಲ್ಮೀಕಿ ರಾಮಾಯಣದ ಶಬರಿ ರಾಮನಿಗಾಗಿ ಪಂಪೆಯ ದಂಡೆಯ ಕಾಡಿನಲ್ಲಿ ಸಿಗುವುದನ್ನು ಕೂಡಿಟ್ಟಿರುತ್ತಾಳೆ, ಅಷ್ಟೇ. ಕಚ್ಚಿ ನೋಡಿದ್ದು ಅಲ್ಲಿಲ್ಲ. ಅದು ಆಮೇಲೆ ಜನರ ಬಾಯಲ್ಲಿ ಬೆಳೆದದ್ದು. ಲಕ್ಷ್ಮಣ ರೇಖೆಯೂ ಹಾಗೆಯೇ. ಅಂದರೆ ನಮ್ಮ ಕವಿ ನಂಬಿದ್ದು ಗ್ರಂಥವನ್ನಲ್ಲ, ನಿಮ್ಮ ಅಜ್ಜಿ ಹೇಳಿದ ಕಥೆಯನ್ನು. ಆನೆಗೊಂದಿ ಹತ್ತಿರದ ಪಂಪಾ ಸರೋವರ ನಿಮಗೆ ದೂರವೇನಲ್ಲ. ಶಬರಿ ಕಾದದ್ದು ಇಲ್ಲೇ ಅಂತ ಅಲ್ಲಿಯ ಜನ ಗುಹೆ ತೋರಿಸುತ್ತಾರೆ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರಂಥವರು ತೊಗಲುಗೊಂಬೆ ಹಿಡಿದು ಊರೂರು ತಿರುಗಿ ರಾತ್ರಿಯೆಲ್ಲ ಈ ಕಥೆಗಳನ್ನು ನಮ್ಮೊಳಗೆ ತುಂಬಿದವರು. ಓದು ಬಾರದವರಿಗೂ ಇದು ದಕ್ಕಿದೆ.

ಬೇಸಿಗೆಯೊಂದರಲ್ಲಿ ರಾಯಚೂರಿನ ಓಣಿಯೊಂದರಲ್ಲಿ ಟ್ಯಾಂಕರ್ ನೀರಿಗೆ ಪಾಳಿ ಹಚ್ಚಿದ್ದೆ. ಬಿಸಿಲಿಗೆ ಕೊಡ ಮುಟ್ಟಿದರೆ ಕೈ ಸುಡುತ್ತಿತ್ತು. ನನ್ನ ಹಿಂದೆ ನಿಂತಿದ್ದ ಅಜ್ಜ ಮೆಲ್ಲಗೆ ಅಂದ: “ಅಲಾಯಿ ಪದದಾಗ ಕೇಳಿಲ್ಲೇನ್ರಿ? ಹೊಳಿ ಕಣ್ಣ ಮುಂದ ಇತ್ತು, ಹನಿ ನೀರು ಸಿಗಲಿಲ್ಲ.” ಯಾರ ಹೆಸರನ್ನೂ ಹೇಳಲಿಲ್ಲ. ಪಾಳಿಯಲ್ಲಿದ್ದವರೆಲ್ಲ ‘ಹೌದ್ ನೋಡ್ರಿ’ ಅಂದರು. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರಿಗೂ ಅವರ ಮಂದಿಗೂ ಯೂಫ್ರೆಟಿಸ್ ಹೊಳೆಯ ನೀರು ಮುಟ್ಟಗೊಡಲಿಲ್ಲ. ನಮ್ಮ ಕಡೆ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿಯೇ ಈ ಅಲಾಯಿ ಪದ, ರಿವಾಯತ್ ಪದ ಹಾಡುತ್ತಾರೆ, ಹಾಗಾಗಿ ಅದು ಎಲ್ಲರಿಗೂ ಗೊತ್ತು. ಈಗ ರಾಯಚೂರನ್ನು ನೆನೆಯಿರಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಖಾಲಿ ಕೊಡ. ಅಜ್ಜ ‘ನೀರಿಲ್ಲ’ ಅನ್ನಲಿಲ್ಲ. ನೀರು ಇದೆ, ಕೊಡುತ್ತಿಲ್ಲ ಅಂದ. ಬಿಡಿಸಿ ಹೇಳಿದ್ದರೆ ಅದು ಬರೀ ದೂರು ಆಗುತ್ತಿತ್ತು.

ಗೋಪಾಲಕೃಷ್ಣ ಅಡಿಗರು ರಾಮನವಮಿಯ ಕವಿತೆಯ ಕೊನೆಯಲ್ಲಿ ‘ಹುತ್ತಗಟ್ಟದೆ’ ಅಂತ ಒಂದೇ ಪದ ಇಡುತ್ತಾರೆ. ಹುತ್ತ ಬೆಳೆದು ಮುಚ್ಚುವಷ್ಟು ಕಾಲ ಕೂತವನು ಯಾರು ಅಂತ ಹೇಳುವುದಿಲ್ಲ. ಮನಸ್ಸು ಹಾಗೆ ಕೂರದೆ ರಾಮನ ರೂಪವನ್ನು ಮತ್ತೆ ಕೆತ್ತೀತೇ ಅಂತ ಕೇಳುತ್ತಾರೆ. ವಾಲ್ಮೀಕಿ ನೆನಪಾದರೆ ಆ ಸಾಲು ದೊಡ್ಡದಾಗುತ್ತದೆ. ಆಗದಿದ್ದರೂ, ಹೊಲದ ಬದುವಿನ ಹುತ್ತ ನೋಡಿದವರಿಗೆ ಎಷ್ಟು ತಾಳ್ಮೆ ಬೇಕು ಅನ್ನುವುದು ತಿಳಿಯುತ್ತದೆ.

ನಾನು ಕವಿತೆ ಆರಿಸುವಾಗ ನೋಡುವುದು ಇದನ್ನೇ. ಕಥೆ ಗೊತ್ತಿಲ್ಲದವರ ಕೈಯಲ್ಲೂ ಏನಾದರೂ ಉಳಿಯಬೇಕು. ಕಚ್ಚಿದ ಹಣ್ಣು ನಿಮಗೆ ವಿಚಿತ್ರ ಅನ್ನಿಸಿತು, ಆದರೂ ಮಗ ಬರಲಿಲ್ಲ ಅನ್ನುವುದು ತಿಳಿಯಿತು, ಅಲ್ವಾ? ಎಷ್ಟೋ ಕವಿತೆಗಳು ಗ್ರೀಕ್ ಪುರಾಣದ ಹೆಸರುಗಳನ್ನು ಹೊತ್ತು ಬರುತ್ತವೆ. ಬರೆದವರಿಗೇ ಆ ಕಥೆಯ ಜೊತೆ ಒಡನಾಟ ಇರುವುದಿಲ್ಲ. ಹೆಸರು ತೆಗೆದರೆ ಸಾಲಿನಲ್ಲಿ ಏನೂ ಇರುವುದಿಲ್ಲ. ಅಂಥವನ್ನು ವಾಪಸ್ ಕಳಿಸುತ್ತೇನೆ. ನೀವು ಕೇಳಿದ ‘ತಿಳಿಯಬಾರದು ಅಂತಲೇ’ ಅನ್ನುವ ಮಾತು ಅಲ್ಲಿಗೆ ಸರಿಯಾಗಿ ಹೊಂದುತ್ತದೆ.

ಕವಿತೆಯ ಕೆಳಗೆ ಅರ್ಥ ಹಾಕಲು ನನಗೆ ಮನಸ್ಸಿಲ್ಲ. ‘ಶಬರಿ ಕತಿರೀ’ ಅಂತ ಒಬ್ಬರು ಹೇಳಿದ ಕೂಡಲೇ ನಿಮಗೆ ಕವಿತೆ ಬಿಚ್ಚಿಕೊಂಡಿತಲ್ಲ, ಅಚ್ಚಾದ ಟಿಪ್ಪಣಿಯಿಂದ ಆ ಸುಖ ಸಿಗುವುದಿಲ್ಲ. ಆದರೆ ನಿಮ್ಮಂತೆಯೇ ಇನ್ನೂ ಕೆಲವರಿಗೆ ತೊಡಕಾಗಿರಬಹುದು ಅಂತಲೇ ಇಷ್ಟು ಉದ್ದ ಬರೆದೆ.

ಒಂದು ಕೆಲಸ ಮಾಡ್ತೀರಾ? ಈ ಸಲ ಬಾರಿಹಣ್ಣು ಬಂದಾಗ ಒಂದು ಸೇರು ತರಗತಿಗೆ ಒಯ್ಯಿರಿ. ಮಕ್ಕಳು ತಿನ್ನುತ್ತಿರುವಾಗ ಆ ಕವಿತೆ ಓದಿ, ಏನೂ ವಿವರಿಸಬೇಡಿ. ಯಾವ ಮಗು ಮೊದಲು ‘ಶಬರಿ’ ಅಂತ ಕೂಗುತ್ತದೆ, ಯಾರಿಂದ ಆ ಕಥೆ ಕೇಳಿತ್ತು, ನನಗೆ ಬರೆದು ತಿಳಿಸಿ.

— ಸಂಪಾದಕ