ಸೊಸೆಯ ಪರವೋ, ಮೊಮ್ಮಕ್ಕಳ ಪರವೋ?

ಸಂಪಾದಕರ ಉತ್ತರ

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ವಯಸ್ಸು 62. ಮಗನಿಗೆ ಹಾರ್ಡ್‌ವೇರ್ ಅಂಗಡಿ, ಸೊಸೆಗೆ 31. ಮೊಮ್ಮಗಳು ಎರಡನೇ ಕ್ಲಾಸು, ಮೊಮ್ಮಗನಿಗೆ ಎರಡೂವರೆ ವರ್ಷ. ಎರಡನೇ ಹೆರಿಗೆಯಾದ ಮೇಲೆ ಸೊಸೆಗೆ ನಿದ್ದೆ ಹೋಯಿತು. ಗಂಡ ಬೀರುವಿನಲ್ಲಿಟ್ಟಿದ್ದ ಬಾಟಲಿಯಿಂದ ಶುರುವಾದದ್ದು ಈಗ ಎದ್ದ ಕೂಡಲೇ ಬೇಕು ಅನ್ನುವಲ್ಲಿಗೆ ಬಂದಿದೆ. ಅಕ್ಕಿ ಡಬ್ಬದಲ್ಲಿ ‘ನೈಂಟಿ’ ಪ್ಯಾಕೆಟ್ಟುಗಳು ಸಿಕ್ಕಿವೆ. ಮಗ ಅವಳನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿದ. ಎರಡನೇ ರಾತ್ರಿ ಮೈಯೆಲ್ಲ ನಡುಗಿ, ಗೋಡೆ ಮೇಲೆ ಇರುವೆ ಹರಿಯುತ್ತಿವೆ ಎಂದು ಕೂಗಿಕೊಂಡಳು. ಮಗ ನಾಟಕ ಅಂದ. ಪಕ್ಕದ ಮನೆಯವರು ಕಾಫಿಗೆ ಬೆರೆಸಲು ಮಾತ್ರೆ ತಂದುಕೊಟ್ಟಿದ್ದಾರೆ. ಈಗ ಅವಳನ್ನು ತವರಿಗೆ ಕಳಿಸಿ, ಮಕ್ಕಳನ್ನು ಇಟ್ಟುಕೊಂಡು ಡೈವೋರ್ಸ್ ಹಾಕುವ ಯೋಚನೆ ನಡೆದಿದೆ. “ಮೊಮ್ಮಗಳ ಜಡೆ ಹಾಕುವುದೂ ಈಗ ನಾನೇ. ನಾನು ಸೊಸೆಯ ಪರ ನಿಲ್ಲಲೋ, ಮೊಮ್ಮಕ್ಕಳ ಪರವೋ?” ಎಂದು ಕೇಳಿದ್ದಾರೆ.

ಅಮ್ಮಾ,

ಮೊದಲು ಆ ಮಾತ್ರೆಯ ವಿಷಯ. ಇವತ್ತೇ ನಿಲ್ಲಿಸಿ. ಹೀಗೆ ಕದ್ದು ಬೆರೆಸಲು ನಮ್ಮಲ್ಲಿ ಕೈಯಿಂದ ಕೈಗೆ ದಾಟುವುದು ಹೆಚ್ಚಾಗಿ ಡೈಸಲ್ಫಿರಾಮ್. ವೈದ್ಯರು ಪರೀಕ್ಷೆ ಮಾಡಿ, ತಿಳಿಸಿ ಹೇಳಿ, ಅವಳು ಒಪ್ಪಿ ನುಂಗಿದರೆ ಅದು ಔಷಧಿ. ಗೊತ್ತಿಲ್ಲದೆ ಅದು ಹೊಟ್ಟೆಯಲ್ಲಿದ್ದಾಗ ಮೇಲೆ ಮದ್ಯ ಬಿದ್ದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಪ್ರಾಣವೇ ಹೋಗಬಹುದು. ಈಗಾಗಲೇ ಕೊಟ್ಟಿದ್ದರೆ ಆ ಸ್ಟ್ರಿಪ್ಪನ್ನು ಎತ್ತಿಟ್ಟುಕೊಂಡು ಡಾಕ್ಟರಿಗೆ ತೋರಿಸಿ, ನಾಚಿಕೆ ಪಡಬೇಡಿ. ಇನ್ನೊಂದು ಮಾತು. ಕಾಫಿಯಲ್ಲಿ ಏನೋ ಇದೆ ಎಂದು ಅವಳಿಗೆ ಗೊತ್ತಾದ ದಿನ, ನೀವು ಬಡಿಸಿದ ಅನ್ನವನ್ನೂ ಅವಳು ನಂಬುವುದಿಲ್ಲ. ಆ ಮನೆಯಲ್ಲಿ ಅವಳು ನಂಬುತ್ತಿರುವುದು ನಿಮ್ಮೊಬ್ಬರನ್ನೇ ಎಂದು ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ.

ಇನ್ನು ಆ ಕೋಣೆ. ಇದನ್ನು ನಿಮ್ಮ ಮಗನಿಗೂ ಓದಿ ಹೇಳಿ. ಅವಳು ಮಾಡಿದ್ದು ನಾಟಕವಲ್ಲ. ದಿನಾ ಕುಡಿದು ಒಗ್ಗಿಹೋದ ಮೈಗೆ ಒಮ್ಮೆಲೇ ಮದ್ಯ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ ಹುಳ ಕಾಣುವುದು, ಇಲ್ಲದ ದನಿ ಕೇಳುವುದು, ಹಗಲು ರಾತ್ರಿ ತಿಳಿಯದಿರುವುದು ಶುರುವಾಗಬಹುದು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾಯುವವರಿದ್ದಾರೆ. ಆ ಬಾಗಿಲ ಹಿಂದೆ ನಿಮ್ಮ ಸೊಸೆ ಸಾಯಬಹುದಿತ್ತು, ಅಮ್ಮಾ. ಹೆದರಿಸಲು ಬರೆಯುತ್ತಿಲ್ಲ. ಇನ್ನೊಮ್ಮೆ ಹಾಗೆ ಬೀಗ ಹಾಕಬಾರದು ಎಂದು ಬರೆಯುತ್ತಿದ್ದೇನೆ. ‘ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡ’ ಎಂದು ಮಕ್ಕಳ ತಲೆ ಮೇಲೆ ಆಣೆ ಮಾಡಿಸಲೂ ಬೇಡಿ. ಆಸ್ಪತ್ರೆಯಲ್ಲಾದರೆ ಮೊದಲು ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ನಿನ ಇಂಜೆಕ್ಷನ್ ಹಾಕುತ್ತಾರೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಮೈ ಹದಕ್ಕೆ ಬರುತ್ತದೆ. ಕುಡಿಯುವ ಆಸೆ ತಗ್ಗಿಸುವ ಔಷಧಿ, ಮಾತುಕತೆ, ಹೆರಿಗೆಯಾದ ಮೇಲೆ ನಿದ್ದೆ ಹೋಯಿತಲ್ಲ ಅದರ ವಿಚಾರಣೆ, ಎಲ್ಲ ಆಮೇಲೆ. ನನಗಂತೂ ಆ ನಿದ್ದೆಯ ಸಂಗತಿಯೇ ಮುಖ್ಯ ಅನ್ನಿಸಿತು. ಹೆರಿಗೆಯ ನಂತರದ ಖಿನ್ನತೆಯನ್ನು ಯಾರೂ ಗುರುತಿಸದೆ ಹೋದರೋ ಏನೋ, ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ.

ಹೆಂಗಸರ ಕುಡಿತದ ಬಗ್ಗೆ ಮಾತಾಡಲು ನಮಗೆ ಬಾಯಿಯೇ ಇಲ್ಲ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಲು ಬೀದಿಗಿಳಿದವರು, 2007ರ ಜುಲೈ 1ರಿಂದ ಸಾರಾಯಿ ನಿಷೇಧವೂ ಆಯಿತು. ಆ ಕಥೆಯಲ್ಲಿ ಹೆಂಗಸು ಕುಡುಕನ ಹೆಂಡತಿ, ಇಲ್ಲವೇ ಹೋರಾಟಗಾರ್ತಿ. ಅವಳೇ ಕುಡಿಯುತ್ತಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗದೆ ಮನೆಯ ಹಿಂದಿನ ಕೋಣೆಗೆ ತಳ್ಳುತ್ತೇವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವ ಹೆಂಗಸರು ಶೇ. 1.6, ಗಂಡಸರು ಶೇ. 27.3. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಅದರಲ್ಲಿ ಹೆಂಗಸರ ಪಾಲು ಎಷ್ಟಿದ್ದೀತು ಎಂದು ಯೋಚಿಸಿ. ಮೈಯೂ ಅವಳಿಗೆ ಅನುಕೂಲವಾಗಿಲ್ಲ. ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ, ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯ ಹೆಚ್ಚು ಏರುತ್ತದೆ, ಲಿವರ್ ಬೇಗ ಕೆಡುತ್ತದೆ. ‘ಗಂಡನಷ್ಟೇ ತಾನೇ ಕುಡಿದದ್ದು’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಗಂಡಸು ಕುಡಿತ ಬಿಡಲು ಆಸ್ಪತ್ರೆ ಸೇರಿದರೆ ಜೊತೆಗೆ ಯಾರಿರುತ್ತಾರೆ? ಹೆಂಡತಿ, ಇಲ್ಲವೇ ತಾಯಿ. ಚಾಪೆ ಸುತ್ತಿಕೊಂಡು, ಫ್ಲಾಸ್ಕ್ ಹಿಡಿದುಕೊಂಡು ಬಂದು ಹಾಸಿಗೆ ಪಕ್ಕ ಕೂರುತ್ತಾರೆ. ನಮ್ಮ ಆಸ್ಪತ್ರೆಗಳು ನಡೆಯುವುದೇ ಆ ಜೊತೆಗಿರುವವರಿಂದ. ಹೆಂಗಸು ಸೇರಬೇಕಾದರೆ ‘ಜೊತೆಗೆ ಯಾರಿದ್ದಾರೆ’ ಎಂದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದೆ. ಗಂಡನಿಗೆ ಅಂಗಡಿ, ತವರಿಗೆ ಮರ್ಯಾದೆ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಅವಳು ವಾಪಸು ಅಡುಗೆಮನೆಗೆ, ಅಕ್ಕಿ ಡಬ್ಬದ ಹತ್ತಿರಕ್ಕೆ. ಆದ್ದರಿಂದ ಆಸ್ಪತ್ರೆಗೆ ಅವಳ ಜೊತೆ ನೀವು ಹೋಗಿ. ಚಿಕ್ಕವನನ್ನೂ ಕರೆದುಕೊಂಡು ಹೋಗಿ. ದೊಡ್ಡವಳು ಅಪ್ಪನ ಹತ್ತಿರ ಇರಲಿ. ಹತ್ತು ದಿನ ಅಂಗಡಿಯನ್ನು ಎರಡು ಗಂಟೆ ಬೇಗ ಮುಚ್ಚಿದರೆ ಮುಳುಗಿಹೋಗುವುದಿಲ್ಲ. ಮಗಳ ಟಿಫಿನ್ ಡಬ್ಬಿ ಕಟ್ಟುವುದು ಅವನಿಗೂ ಗೊತ್ತಾಗಲಿ.

ಚಿಕ್ಕವನು ಆಸ್ಪತ್ರೆಯಲ್ಲೇ ಎಂದರೆ ನಿಮಗೆ ಆಶ್ಚರ್ಯವಾದೀತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯೊಳಗೇ ಬರುತ್ತವೆ. ಅದೇ ಕಾಯ್ದೆಯ 21ನೇ ಸೆಕ್ಷನ್ ನಿಮಗಾಗಿಯೇ ಬರೆದ ಹಾಗಿದೆ: ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಎಂದು ಮನೋವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ಸಿಬ್ಬಂದಿಯ ಅಥವಾ ಮನೆಯವರ ಕಣ್ಣೆದುರಿನಲ್ಲಿ ತಾಯಿಗೆ ಮಗು ಸಿಗುತ್ತಿರಬೇಕು, ಹದಿನೈದು ದಿನಕ್ಕೊಮ್ಮೆ ಆ ತೀರ್ಮಾನವನ್ನು ಮತ್ತೆ ನೋಡಬೇಕು. ನಿಮ್ಮ ಮೊಮ್ಮಗನಿಗೆ ಎರಡೂವರೆ. ಇನ್ನೂ ಆರು ತಿಂಗಳು ಈ ಕಾನೂನು ಅವನದು. ಎಲ್ಲ ವಾರ್ಡಿನಲ್ಲೂ ತೊಟ್ಟಿಲಿಗೆ ಜಾಗವಿರುವುದಿಲ್ಲ, ಹೋಗುವ ಮೊದಲೇ ಕೇಳಿ. ಆಗದ ಕೆಲಸವೇನೂ ಅಲ್ಲ: ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ. ಅಲ್ಲಿ ವ್ಯಸನ ಚಿಕಿತ್ಸೆಯದೇ ಕೇಂದ್ರವೂ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದಲೂ ಶುರು ಮಾಡಬಹುದು. ಯಾರಿಗೂ ಮುಖ ತೋರಿಸದೆ ಮೊದಲು ಮಾತಾಡಬೇಕೆಂದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಸ್ಪತ್ರೆಯ ಕಾಗದದಲ್ಲಿರುವುದನ್ನು ಗುಟ್ಟಾಗಿಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ‘ಊರಿಗೆ ಗೊತ್ತಾದರೆ’ ಎಂದು ಎರಡು ಸಲ ಬರೆದಿದ್ದೀರಿ, ಅದಕ್ಕೆ ಹೇಳಿದೆ. ದಾಖಲಾಗುವ ಕಾಗದಕ್ಕೆ ಅವಳೇ ಸಹಿ ಹಾಕಲಿ. ಎತ್ತಿಕೊಂಡು ಹೋಗಿ ಬೀಗ ಹಾಕುವ ‘ಸೆಂಟರ್’ಗಳ ಹತ್ತಿರವೂ ಸುಳಿಯಬೇಡಿ.

ನನ್ನ ದೊಡ್ಡಮ್ಮನ ಮಗಳೊಬ್ಬಳಿದ್ದಳು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳನ್ನು ‘ಹುಷಾರಿಲ್ಲ’ ಎಂದು ಗಂಡನ ಮನೆಯಿಂದ ಕಳಿಸಿದರು. ನಾಲ್ಕು ವರ್ಷದ ಮಗ ಅಲ್ಲೇ ಉಳಿದ. ಕುಡಿತ ಬಿಟ್ಟರೆ ಮಗು ತೋರಿಸುತ್ತೇವೆ ಅಂದಿದ್ದರು. ಅಕ್ಕ ನಲವತ್ತು ದಿನ ಬಿಟ್ಟಳು, ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದನ್ನು ನಾನೇ ನೋಡಿದ್ದೇನೆ. ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂದು ಅಲ್ಲಿಂದ ಮಾತು ಬಂತು. ಆ ರಾತ್ರಿ ಮತ್ತೆ ಕುಡಿದಳು. ಆಮೇಲೆ ಗೀಟು ಹಾಕಲಿಲ್ಲ. ಆರು ವರ್ಷಕ್ಕೆ ಲಿವರ್ ಕೆಟ್ಟು ತೀರಿಕೊಂಡಳು. ಮಗು ಹತ್ತಿರವಿದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವಳನ್ನು ಒಂದೇ ಒಂದು ಸಲವೂ ಯಾರೂ ಮನೋವೈದ್ಯರ ಹತ್ತಿರ ಕರೆದೊಯ್ಯಲಿಲ್ಲ, ನಮ್ಮ ಮನೆಯವರೂ. ಆ ಹುಡುಗನಿಗೆ ಈಗ ಮದುವೆಯಾಗಿದೆ. ತಾಯಿಯ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾನೆ.

ಮಕ್ಕಳನ್ನು ಬಹುಮಾನ ಮಾಡಬೇಡಿ ಎಂದು ನಾನು ಹೇಳುವುದು ಅದಕ್ಕೆ. ಹಾಗೆಂದು ಅವರನ್ನು ಅಪಾಯಕ್ಕೆ ಒಡ್ಡಿ ಎಂದೂ ಅಲ್ಲ. ಕುಡಿದಿರುವಾಗ ಅವಳು ಚಿಕ್ಕವನಿಗೆ ಬಿಸಿನೀರು ಹಾಕಬಾರದು, ಸ್ಕೂಟರಿನಲ್ಲಿ ಮಗಳನ್ನು ಶಾಲೆಗೆ ಬಿಡಬಾರದು, ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಇದನ್ನು ಅವಳು ಕುಡಿಯದಿರುವ ಹೊತ್ತಿನಲ್ಲಿ ಎದುರು ಕೂತು ಹೇಳಿ, ಒಪ್ಪಿಸಿ. ನಿಮ್ಮ ಮನೆಯಲ್ಲಿ ಇದನ್ನು ನೋಡಿಕೊಳ್ಳಲು ದೊಡ್ಡವರು ಇಬ್ಬರಿದ್ದೀರಿ. ಮಗುವನ್ನು ಬೇರೆ ಮಾಡಲೇಬೇಕಾದ ಮನೆಗಳೂ ಇವೆ, ನಿಮ್ಮದು ಅಂಥದ್ದೆಂದು ನನಗೆ ಅನ್ನಿಸಲಿಲ್ಲ.

ಲಂಡನ್ನಿನಲ್ಲಿ 2008ರಲ್ಲಿ ಇಂಥ ಮನೆಗಳಿಗಾಗಿಯೇ ಒಂದು ಕೋರ್ಟು ಶುರುವಾಯಿತು. ನಿಕೊಲಸ್ ಕ್ರಿಕ್ಟನ್ ಎಂಬ ನ್ಯಾಯಾಧೀಶರು ಶುರು ಮಾಡಿದ್ದು. ವ್ಯಸನದಿಂದಾಗಿ ಒಂದು ಮಗುವನ್ನು ಕೋರ್ಟಿಗೆ ಒಪ್ಪಿಸಿದ ತಾಯಂದಿರೇ ಮುಂದಿನ ಮಗುವನ್ನೂ ಕಳೆದುಕೊಳ್ಳಲು ಮತ್ತೆ ಮತ್ತೆ ಕಟಕಟೆಗೆ ಬರುವುದನ್ನು ನೋಡಿ ಅವರಿಗೆ ಸಾಕಾಗಿತ್ತು. ಅಲ್ಲಿ ಎರಡು ವಾರಕ್ಕೊಮ್ಮೆ ಅದೇ ನ್ಯಾಯಾಧೀಶರು ವಕೀಲರಿಲ್ಲದೆ ತಾಯಿ ತಂದೆಯರನ್ನು ಕೂರಿಸಿಕೊಂಡು ಹೇಗಿದ್ದೀರಿ ಎಂದು ಕೇಳುತ್ತಾರೆ, ಚಿಕಿತ್ಸೆಯ ತಂಡ ಜೊತೆಗಿರುತ್ತದೆ. 2014ರ ಅಧ್ಯಯನದಲ್ಲಿ ಆ ಕೋರ್ಟಿಗೆ ಬಂದ ತಾಯಂದಿರಲ್ಲಿ ಶೇ. 40 ಮಂದಿ ವ್ಯಸನ ಬಿಟ್ಟಿದ್ದರು, ಮಾಮೂಲಿ ಕೋರ್ಟಿನವರಲ್ಲಿ ಶೇ. 25. ಎರಡು ವಾರಕ್ಕೊಮ್ಮೆ ಅದೇ ಮುಖ ಎದುರು ಕೂತು ಕೇಳುವುದು, ಅಮ್ಮಾ, ಇದು ನಮ್ಮ ಮನೆಗಳಲ್ಲಿ ಅತ್ತೆಯೊಬ್ಬರು ಮಾಡಬಹುದಾದ ಕೆಲಸ. ಆದರೆ ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಡಲಾಗಲಿಲ್ಲ ಅನ್ನುವುದನ್ನೂ ಮುಚ್ಚಿಡಲಾರೆ. ನಿಮ್ಮ ಸೊಸೆ ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ಜಾರಬಹುದು. ಆ ದಿನ ಡೈವೋರ್ಸಿನ ಕಾಗದ ತೆಗೆಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಬೀರುವಿನಲ್ಲಿ ಮಗನ ಬಾಟಲಿ ಇನ್ನೂ ಇದೆಯೇ? ಪತ್ರದಲ್ಲಿ ಅದನ್ನು ಬರೆದಿಲ್ಲ ನೀವು. ಇದ್ದರೆ ಮೊದಲು ಅದು ಹೋಗಬೇಕು.

ದೊಡ್ಡವಳಿಗೆ ಏನು ಹೇಳುವುದು? ಏಳು ವರ್ಷದ ಹುಡುಗಿಗೆ ಎಲ್ಲ ಗೊತ್ತಿರುತ್ತದೆ, ವಾಸನೆಯೂ ಗೊತ್ತಿರುತ್ತದೆ. ‘ಅಮ್ಮನಿಗೆ ಕಾಯಿಲೆ, ಕುಡಿಯದೆ ಇರಲು ಆಗುತ್ತಿಲ್ಲ, ಅದಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದೇವೆ, ನಿನ್ನಿಂದ ಆದದ್ದಲ್ಲ’ ಎಂದಷ್ಟೇ ಹೇಳಿ. ಇಂಥ ದಿನ ಬರುತ್ತೇವೆ ಎಂದು ಮಾತು ಕೊಡಬೇಡಿ. ಸಂಜೆ ಏಳಕ್ಕೆ ಅಮ್ಮನ ಫೋನ್ ಬರುತ್ತದೆ ಎಂದು ಹೇಳಿ, ಏಳಕ್ಕೇ ಮಾಡಿಸಿ.

ಜಡೆಯ ವಿಷಯ ಬರೆದಿದ್ದಿರಲ್ಲ. ಸೊಸೆಯ ಕೈ ನಡುಕ ನಿಂತು ಮನೆಗೆ ಬಂದ ಮೇಲೆ ಆ ಬಾಚಣಿಗೆಯನ್ನು ಅವಳಿಗೆ ಕೊಡಿ. ಮೊದಲ ದಿನ ಹುಡುಗಿ ‘ಅಜ್ಜಿಯೇ ಹಾಕಲಿ’ ಅನ್ನಬಹುದು. ಬಲವಂತ ಬೇಡ, ನೀವೇ ಹಾಕಿ, ಸೊಸೆ ಪಕ್ಕದಲ್ಲಿ ಕೂತು ರಿಬ್ಬನ್ ಹಿಡಿದುಕೊಂಡಿರಲಿ.