ಆರುನೂರರ ಲೆನ್ಸ್ ಬ್ಯಾಡ್ರಿ, ಮೊದಲು ನಂಬರಿನ ತಗಡು ಹುಡುಕ್ರಿ

ಹಳೇ ಯುದ್ಧವಿಮಾನಗಳ ಫೋಟೊ ತಗೀಬೇಕು, ದೂರದ್ದನ್ನ ಹತ್ರ ತರೋ 150-600 ಎಂಎಂ ಲೆನ್ಸಿಗೆ ರೊಕ್ಕ ಕೂಡಿಸಲಿಕ್ಕತ್ತೀನಿ, ಹುಬ್ಬಳ್ಳಿ ಸುತ್ತಮುತ್ತ ಏನೂ ಇಲ್ಲ, ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನ ಬರೂತನಕ ಕಾಯಬೇಕೇನು ಅಂತ ಕೇಳೀರಿ. ಇದೇ ಲೆಕ್ಕ ಹಾಕಿಕೊಂಡು ಶುರು ಮಾಡಿದವ ನಾನೂ. ಅದಕ್ಕ ನೇರ ಹೇಳ್ತೀನಿ, ಆ ಲೆನ್ಸ್ ಈಗ ಬ್ಯಾಡ. ಯಲಹಂಕದಾಗ ಎರಡು ವರ್ಷಕ್ಕೊಮ್ಮೆ ಹಾರೋವು ಹೆಚ್ಚಾಗಿ ಈಗಿನ ಕಾಲದ ವಿಮಾನ. ಮಾರುತ, ನ್ಯಾಟ್, ಅಜೀತ ಅನ್ನೋ ಹಳೇ ಯುದ್ಧವಿಮಾನ ಹಾರೋದು ಬಿಟ್ಟು ಎಷ್ಟೋ ವರ್ಷ ಆತು. ಮಿಗ್-21 ಸುದ್ದಾ 2025ರ ಸೆಪ್ಟೆಂಬರ್ 26ಕ್ಕ ಚಂಡೀಗಡದಾಗ ನಿವೃತ್ತಿ ಆತು. ಇವೆಲ್ಲಾ ಈಗ ಕಟ್ಟಿ ಮ್ಯಾಲೆ ನಿಂತಾವ. ನಿಂತ ವಿಮಾನಕ್ಕ ಬೇಕಾದ್ದು 35 ಇಲ್ಲಾ 50 ಎಂಎಂ ಲೆನ್ಸು, ಒಂದು ಚಲೋ ಬ್ಯಾಟರಿ (ಟಾರ್ಚು), ಅಳತಿ ಟೇಪು, ನೋಟ್‌ಬುಕ್ಕು. ಅದಕ್ಕೂ ಮೊದಲು ಬೇಕಾದ್ದು, ಎದುರಿಗೆ ನಿಂತದ್ದು ಖರೇನೇ ಯಾವ ವಿಮಾನ ಅಂತ ಗುರುತು ಹಿಡಿಯೋ ಅಭ್ಯಾಸ.

ನನಗ ಭಾಳ ತುಟ್ಟಿ ಬಿದ್ದದ್ದು ಅದೇ. ಒಂದು ಸಂಸ್ಥೆಯ ಅಂಗಳದಾಗ ಕಂಬದ ಮ್ಯಾಲೆ ನಿಂತ ಮಿಗ್-21. ಸುತ್ತಲೂ ಫೋಟೊ ತಗದೆ, ಮೈ ಮ್ಯಾಲೆ ಬರದಿದ್ದ ನಂಬರು ಬರಕೊಂಡೆ, ಮನಿಗೆ ಬಂದೆ. ಫೋಟೊ ದೊಡ್ಡದು ಮಾಡಿ ನೋಡಿದಾಗ ಗೊತ್ತಾತು, ನಂಬರು ಒಂದು ಮಾದರಿದು, ಮೈ ಇನ್ನೊಂದು ಮಾದರಿದು. ಮೂತಿ ಮುಂದ ಚಾಚಿದ ಉದ್ದನ್ನ ಕೊಳವಿ ಇರ್ತದಲ್ಲ, ಗಾಳಿಯ ಒತ್ತಡ ಅಳಿಯೋ ಪಿಟಾಟ್, ಅದು ಮಿಗ್-21ರ ಎಫ್‌ಎಲ್ ಮಾದರಿಯೊಳಗ ಮೂತಿಯ ಮ್ಯಾಲೆ ನಟ್ಟನಡುವ ಇರ್ತದ. ಎಂ ಮತ್ತು ಬಿಸ್ ಮಾದರಿಯೊಳಗ ಪೈಲಟ್‌ನ ಬಲಕ್ಕ ಸರದಿರ್ತದ. ಎಫ್‌ಎಲ್‌ಗೆ ಒಂದೊಂದು ರೆಕ್ಕಿ ಕೆಳಗ ಒಂದೊಂದೇ ಆಯುಧದ ಕೊಂಡಿ, ಎಂ ಮತ್ತು ಬಿಸ್‌ಗೆ ಎರಡೆರಡು. ಬೆನ್ನಿನ ದಿಂಡು ಎಫ್‌ಎಲ್‌ಗೆ ಸಪೂರ, ಬಿಸ್‌ಗೆ ಈ ಮೂರರಾಗ ಎಲ್ಲಾದಕ್ಕಿಂತ ದಪ್ಪ. ನನ್ನ ಫೋಟೊದಾಗಿದ್ದದ್ದು ಒಂದೊಂದೇ ಕೊಂಡಿ, ನಡುವಿನ ಪಿಟಾಟ್, ಸಪೂರ ಬೆನ್ನು. ಅಂದ್ರ ಎಫ್‌ಎಲ್. ಬರದ ನಂಬರು ಮಾತ್ರ ಎಫ್‌ಎಲ್‌ದಲ್ಲ.

ಇದು ಅಪರೂಪದ ಸಂಗತಿ ಅಲ್ಲ. ಕಟ್ಟಿ ಏರಿದ ವಿಮಾನಕ್ಕ ಬಣ್ಣ ಹಚ್ಚೋ ಪೇಂಟರ್ ಯಾವುದೋ ಫೋಟೊ ನೋಡಿ ನಂಬರು ಬರೀತಾನ. ಒಂದರ ಬಾಲ ಇನ್ನೊಂದಕ್ಕ ಜೋಡಿಸಿರ್ತಾರ, ಯಾಕಂದ್ರ ನಿವೃತ್ತಿಯಾದ ವಿಮಾನದ ಭಾಗ ಬಿಚ್ಚಿ ಹಾರೋ ವಿಮಾನಕ್ಕ ಹಾಕೋದು ರೂಢಿ. ಹಿಂಗಾಗಿ ಹೊರಗಿನ ನಂಬರು ವಿಮಾನದ ಗುರುತಲ್ಲ. ಖರೇ ಗುರುತು ಕಾರಖಾನಿಯೊಳಗ ಒತ್ತಿದ ಅಥವಾ ಕೊರದ ನಂಬರು. ಅದು ಇರೋದು ಗಾಲಿ ಮಡಚಿ ಒಳಗ ಹೋಗೋ ಗೂಡಿನ ಗ್ವಾಡಿಗೆ ಬಡದ ಸಣ್ಣ ತಗಡಿನ ಮ್ಯಾಲೆ, ಕಾಕ್‌ಪಿಟ್ಟಿನ ಬಾಜೂಕ, ಇಂಜಿನ್ನಿನ ಹತ್ರ, ಕೆಲವೊಮ್ಮೆ ಬಿಚ್ಚೋ ಮುಚ್ಚಳಗಳ ಒಳಮೈಯಾಗ. ಸೋವಿಯತ್ ಮೂಲದ ವಿಮಾನಗಳೊಳಗ ಬಿಚ್ಚೋ ಮುಚ್ಚಳದ ಅಂಚಿಗೆ ವಿಮಾನದ ಕ್ರಮಸಂಖ್ಯೆಯ ಕೊನೀ ಅಂಕಿಗಳನ್ನ ಒತ್ತಿದ್ದು ಸಿಗ್ತದ. ನಾಲ್ಕು ಮುಚ್ಚಳದಾಗ ಮೂರರ ಮ್ಯಾಲೆ ಒಂದೇ ಅಂಕಿ, ನಾಲ್ಕನೇದರ ಮ್ಯಾಲೆ ಬ್ಯಾರೆ ಇದ್ರ, ನಾಲ್ಕನೇದು ಬ್ಯಾರೆ ವಿಮಾನದಿಂದ ಬಂದದ್ದು ಅಂತ ತಿಳೀರಿ. ನಾನು ಆ ದಿನ ಗಾಲಿಗೂಡಿನೊಳಗ ಬ್ಯಾಟರಿ ಬಿಟ್ಟು ನೋಡಲಿಲ್ಲ. ಮತ್ತ ಹೋಗೋದರಾಗ ಇಡೀ ಮೈ ಉಸುಕಿನ ಕಾಗದ (ಸ್ಯಾಂಡ್‌ಪೇಪರ್) ಹಾಕಿ ಉಜ್ಜಿ, ಎರಡು ಕೈ ಇನಾಮಲ್ ಹೊಡದಿದ್ರು. ಪಾರಿವಾಳ ಗೂಡು ಕಟ್ತಾವಂತ ಗಾಲಿಗೂಡಿಗೆ ತಗಡು ಬಡದು ರಿವಿಟ್ ಹಾಕಿದ್ರು. ಬಣ್ಣದ ಕೆಳಗ ಉಳಿದಿದ್ದ ಹಳೇ ನಂಬರಿನ ಗೆರಿಯೂ ಹೋತು, ಒಳಗಿನ ತಗಡೂ ಕಣ್ಣಿಗೆ ಬೀಳದಂಗಾತು. ಆ ವಿಮಾನ ಯಾವ ಸ್ಕ್ವಾಡ್ರನ್ನಿನ್ಯಾಗಿತ್ತು, ಎಲ್ಲೆಲ್ಲೆ ಹಾರಿತ್ತು ಅಂತ ಹೇಳೋ ಎಳಿ ಅಲ್ಲಿಗೇ ಕಡದುಹೋತು.

ಹಿಂಗಾಗಿ ಕೆಲಸದ ಕ್ರಮ ಇದು. ಚಂದದ ಫೋಟೊ ಕೊನಿಗೆ. ಮೊದಲು ತಗಡು, ಒತ್ತಿದ ಅಂಕಿ, ಹಳೇ ಬಣ್ಣದ ಗುರುತು.

ತಗಡಿನ ಧೂಳು ಮೆತ್ತನ್ನ ಒಣಾ ಬ್ರಶ್ಶಿನಿಂದ ಝಾಡಿಸ್ರಿ. ತಂತಿ ಬ್ರಶ್ಶು, ಉಸುಕಿನ ಕಾಗದ, ಥಿನ್ನರ್ ಮುಟ್ಟಬ್ಯಾಡ್ರಿ. ಕ್ಯಾಮೆರಾ ತಗಡಿಗೆ ನೆಟ್ಟಗ ಹಿಡೀರಿ, ಬ್ಯಾಟರಿಯ ಬೆಳಕು ಬಾಜೂಕಿಂದ 10-15 ಡಿಗ್ರಿಯೊಳಗ, ತಗಡಿಗೆ ಹೆಚ್ಚುಕಡಿಮಿ ಸವರಿದಂಗ ಬೀಳಲಿ. ಎಡ, ಬಲ, ಮ್ಯಾಲೆ, ಕೆಳಗ, ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ. ಒಂದು ದಿಕ್ಕಿನ್ಯಾಗ 3 ಕಂಡದ್ದು ಇನ್ನೊಂದು ದಿಕ್ಕಿನ್ಯಾಗ 8 ಆಗಿರ್ತದ. ಟ್ರೈಪಾಡ್ ಮ್ಯಾಲೆ ಐಎಸ್ಒ 100, ಎಫ್/8, ಅರ್ಧ ಸೆಕೆಂಡ್ ಇಟ್ರೂ ಅಡ್ಡಿಯಿಲ್ಲ. ಇದೇ ಬೆಳಕು ಹೊರಮೈಗೂ ಉಪಯೋಗ. ಹೊಸಾ ಬಣ್ಣದ ಕೆಳಗ ಹಳೇ ಅಕ್ಷರದ ಅಂಚು ಕೂದಲೆಳಿಯಷ್ಟು ಎದ್ದಿರ್ತದ, ಮಧ್ಯಾಹ್ನದ ಬಿಸಲಾಗ ಕಾಣೂದಿಲ್ಲ, ಇಳಿಹೊತ್ತಿನ ಓರೆ ಬಿಸಲಾಗ ಕಾಣ್ತದ.

ಒತ್ತಿದ ಅಂಕಿಯ ಮ್ಯಾಲೆ ಕಾಗದ ಇಟ್ಟು ತಿಕ್ಕಿ ಅಚ್ಚು ತಗಿಯೋ ಪದ್ಧತಿ ಕೆಲವರಿಗೆ ಗೊತ್ತಿರ್ತದ. ತಗೀರಿ, ಆದ್ರ ಪೆನ್ಸಿಲ್‌ನಿಂದ ಬ್ಯಾಡ. ಪೆನ್ಸಿಲ್ ಕಡ್ಡಿಯೊಳಗಿನ ಗ್ರಾಫೈಟು ಅಲ್ಯುಮಿನಿಯಮ್ಮಿಗೆ ಹತ್ತಿ ಆರ್ದ್ರತಾ ಸೇರಿದ್ರ ಅಲ್ಲೇ ಕೊರೆತ ಶುರುವಾಗ್ತದ. ಇದಕ್ಕೇ ವಿಮಾನದ ಮೆಕ್ಯಾನಿಕ್ಕುಗಳು ಅಲ್ಯುಮಿನಿಯಮ್ ತಗಡಿನ ಮ್ಯಾಲೆ ಪೆನ್ಸಿಲ್‌ನಿಂದ ಗೆರಿ ಎಳಿಯೂದಿಲ್ಲ. ಮೇಣದ ಬಳಪ ಹಿಡೀರಿ, ಅದೂ ಅಲ್ಲಿಯವರ ಅಪ್ಪಣೆ ಕೇಳಿ.

ಇಷ್ಟು ಆದ ಮ್ಯಾಲೆ ಪ್ರದಕ್ಷಿಣೆ. ಮೂತಿ ಎದುರಿನಿಂದ ಶುರು ಮಾಡಿ ಸುತ್ತಲೂ 45 ಡಿಗ್ರಿಗೊಂದು, ಎಂಟು ಫೋಟೊ. ಆಮ್ಯಾಲೆ ಎಡಬಾಜು, ಬಲಬಾಜು, ಒಂದೊಂದು ನೇರ ನೋಟ. ಈ ನೇರ ನೋಟದಾಗ ಮಂದಿ ಭಾಳ ಎಡವೋದು, ಹತ್ರ ನಿಂತು ಅಗಲ ಲೆನ್ಸಿನಿಂದ ತಗೀತಾರ. ಮೂತಿ ಉಬ್ಬಿ, ಬಾಲ ಸೊರಗಿ, ಅಳತಿಗೆ ಬರದ ಚಿತ್ರ ಆಗ್ತದ. ಮೊಬೈಲಿನ ಮುಖ್ಯ ಕ್ಯಾಮೆರಾದ್ದೂ ಇದೇ ಹಣೇಬರಹ. ದೂರದ ಲೆಕ್ಕ ಸರಳ ಅದ: ವಿಮಾನದ ಉದ್ದಕ್ಕ ಲೆನ್ಸಿನ ಎಂಎಂ ಗುಣಿಸಿ, ಸೆನ್ಸರಿನ (ಕ್ಯಾಮೆರಾದೊಳಗ ಬೆಳಕು ಹಿಡಿಯೋ ತುಣುಕು) ಅಗಲದಿಂದ ಭಾಗಿಸ್ರಿ. ಎಚ್ಎಎಲ್ ಮಾರುತದ ಉದ್ದ 15.87 ಮೀಟರ್. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. 50 ಎಂಎಂ ಲೆನ್ಸಿಗೆ 22 ಮೀಟರ್ ಬಂತು, ಎರಡೂ ತುದಿಗೆ ಜಾಗಾ ಬಿಡಲಿಕ್ಕ 25 ಹಿಡೀರಿ. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ರ ಅದೇ ಲೆನ್ಸಿಗೆ ಹತ್ತಿರಹತ್ತಿರ 38 ಮೀಟರ್ ಬೇಕು. ನ್ಯಾಟ್ ಬರೇ 9 ಮೀಟರಿಂದು, 14-15 ಮೀಟರ್ ದೂರ ಸಾಕು. ಕ್ಯಾಮೆರಾ ವಿಮಾನದ ಮೈಯ ನಡುಮಟ್ಟಕ್ಕ ಇರಬೇಕು. ಕಂಬದ ಮ್ಯಾಲೆ ಓರೆ ನಿಲ್ಲಿಸಿದ್ರ ಏಣಿ ಬೇಕಾಗ್ತದ, ಅದಿಲ್ಲಾಂದ್ರ ಇನ್ನಷ್ಟು ಹಿಂದ ಸರೀರಿ.

ಮೂರು ಆಯಾಮದ ಮಾದರಿ ಮಾಡೋ ಆಶಾ ಇದ್ರ ಒಂದು ಫೋಟೊದ ಮ್ಯಾಲೆ ಮುಂದಿನದು ನೂರಕ್ಕ 70-80 ಪಾಲು ಹಾಸಿರಬೇಕು. ಫೋಕಸ್, ಐಎಸ್ಒ, ವೈಟ್ ಬ್ಯಾಲೆನ್ಸ್ ಬಿಗಿದಿಟ್ಟು, ಮೂರು ಎತ್ತರದಾಗ ಮೂರು ಸುತ್ತು ಹಾಕ್ರಿ. ಅಳತಿ ಸಿಗಲಿ ಅಂತ ಒಂದು ಮೀಟರಿನ ಎರಡು ಪಟ್ಟಿ ಚೌಕಟ್ಟಿನೊಳಗ ಇಡ್ರಿ. ಬಣ್ಣ ಇಲ್ಲದ, ಹೊಳೆಯೋ ಬೆಳ್ಳಿ ಮೈಯ ವಿಮಾನದಾಗ ಫೋಟೊ ಕೂಡಿಸಿ ಮಾದರಿ ಕಟ್ಟೋ ಸಾಫ್ಟ್‌ವೇರು ದಿಕ್ಕು ತಪ್ತದ. ಹೊಳಪು ನೀವು ಸರದಂಗೆಲ್ಲಾ ತಾನೂ ಸರೀತದ, ಅದನ್ನ ಮೈ ಮ್ಯಾಲಿನ ಗುರುತು ಅಂತ ಅದು ತಿಳೀತದ. ಇದಕ್ಕ ಮುಗಿಲು ಮುಚ್ಚಿದ ದಿನವೇ ಔಷಧ. ನಮ್ಮ ಧಾರವಾಡದ ಶ್ರಾವಣದ ಮಬ್ಬು ಬೆಳಕು ಈ ಕೆಲಸಕ್ಕ ದೇವರು ಕೊಟ್ಟದ್ದು. ಮಬ್ಬು ಮುಗಿಲ ಕೆಳಗ ವಿಮಾನದ ಹೊಟ್ಟಿ ಕಪ್ಪಾಗ್ತದ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸ್ರಿ. ಬಣ್ಣದ ದಾಖಲೆಗೆ ಬೂದು ಕಾರ್ಡು ಒಂದು ಫೋಟೊದಾಗಾದರೂ ಇರಲಿ. ಹಂಗಿದ್ರೂ ನೋಟ್‌ಬುಕ್ಕಿನ್ಯಾಗ ‘ಕಂಡ ಬಣ್ಣ’ ಅಂತ ಬರೀರಿ, ‘ಮೂಲ ಬಣ್ಣ’ ಅಂತ ಬರೀಬ್ಯಾಡ್ರಿ. ವಾಯುಪಡೆಯ ಚಕ್ರದ ಗುರುತು ಪರೀಕ್ಷಿಸ್ರಿ: ನಡುವ ಕೇಸರಿ, ಆಮ್ಯಾಲೆ ಬಿಳಿ, ಹೊರಗ ಹಸಿರು ಇರಬೇಕು. ಉಲ್ಟಾ ಇದ್ರ ಬಣ್ಣ ಹಚ್ಚಿದವರಿಗೆ ಗೊತ್ತಿರಲಿಲ್ಲ ಅಂತರ್ಥ, ಅಲ್ಲಿಯ ನಂಬರನ್ನೂ ನಂಬಬ್ಯಾಡ್ರಿ.

ಕಾಕ್‌ಪಿಟ್ಟಿನ ಗಾಜು ಖರೇ ಗಾಜಲ್ಲ, ಅಕ್ರಿಲಿಕ್. ಅದರ ಮೂಲಕ ಫೋಟೊ ತಗಿಯುವಾಗ ಪೋಲರೈಜರ್ ಫಿಲ್ಟರ್ ಹಾಕಿದ್ರ ಕಾಮನಬಿಲ್ಲಿನಂಥಾ ಪಟ್ಟಿ ಕಾಣಸ್ತಾವ, ಬಿಚ್ಚಿಡ್ರಿ. ರಬ್ಬರಿನ ಹುಡ್ ಗಾಜಿಗೆ ಹಗೂರಕ ಹಚ್ಚಿ, ಮ್ಯಾಲೆ ಕರೇ ಅರಿವಿ ಹೊಚ್ಚಿಕೊಂಡ್ರ ಪ್ರತಿಬಿಂಬ ಹೋಗ್ತದ. ಒಳಗ ಕೂಡಲಿಕ್ಕ ಬಿಟ್ರ ಹಳದಿ-ಕಪ್ಪು ಪಟ್ಟಿಯ ಹಿಡಿಕಿ ಯಾವುದನ್ನೂ ಮುಟ್ಟಬ್ಯಾಡ್ರಿ, ಅದು ಪೈಲಟ್‌ನನ್ನ ಸೀಟಿನ ಸಮೇತ ಹೊರಗ ಎಸಿಯೋ ಸಾಧನ. ಅದರೊಳಗಿನ ಮದ್ದು ತಗದಾರ ಅಂತ ಬಾಯಿಮಾತಿನ ಮ್ಯಾಲೆ ನಂಬಬಾರದು. 1940-50ರ ಕಾಲದ ಉಪಕರಣಗಳೊಳಗ ಕತ್ತಲಾಗ ಹೊಳಿಯೋ ಮುಳ್ಳು ರೇಡಿಯಮ್ ಬಣ್ಣದ್ದಿರಬಹುದು. ಅವುಗಳ ಗಾಜು ಒಡದಿದ್ರ ದೂರದಿಂದ ಫೋಟೊ ತಗದು ಬರ್ರಿ.

ಇನ್ನ ‘ಹುಬ್ಬಳ್ಳಿ ಸುತ್ತ ಏನೂ ಇಲ್ಲ’ ಅಂದ್ರಲ್ಲ, ಅದನ್ನ ನಾನು ಒಪ್ಪೂದಿಲ್ಲ. ಯಲ್ಲಾಪುರ ದಾಟಿ ಅಂಕೋಲಾ ಮ್ಯಾಲೆ ಕಾರವಾರಕ್ಕ ಹೋಗ್ರಿ. ಟಾಗೋರ್ ಕಡಲತೀರದಾಗ ಚಾಪಲ್ ಯುದ್ಧನೌಕೆಯ ಜೋಡಿ ನೌಕಾಪಡೆಯ ಟುಪೊಲೆವ್-142 ನಿಂತದ. ಜಲಾಂತರ್ಗಾಮಿ ಹುಡುಕೋ ವಿಮಾನ ಇದು. 1988ರಾಗ ಇವು ಎಂಟು ಬಂದ್ವು, ಮೊದಲು ಗೋವಾದಾಗ ಇದ್ದು ಆಮ್ಯಾಲೆ ತಮಿಳುನಾಡಿನ ಅರಕ್ಕೋಣಂಗೆ ಹೋದ್ವು, 2017ರ ಮಾರ್ಚ್ 29ಕ್ಕ ನಿವೃತ್ತಿ ಆದ್ವು. ಉದ್ದ 53 ಮೀಟರ್, ರೆಕ್ಕಿ ತುದಿಯಿಂದ ತುದಿಗೆ 50 ಮೀಟರ್. ನಾಲ್ಕು ಇಂಜಿನ್, ಒಂದೊಂದಕ್ಕೂ ಒಂದರ ಬೆನ್ನಿಗೊಂದು ವಿರುದ್ಧ ತಿರಗೋ ಎರಡು ಪಂಖಾ. ಅದರ ನೇರ ನೋಟಕ್ಕ 50 ಎಂಎಂ ಲೆನ್ಸಿಗೆ ಕಡಿಮಿ ಅಂದ್ರೂ 74 ಮೀಟರ್ ಹಿಂದ ಸರೀಬೇಕು, 24ಕ್ಕ 35 ಮೀಟರ್. ಜಾಗಾ ಸಾಲದಿದ್ರ ವಿಮಾನಕ್ಕ ಸಮಾನಾಂತರ ನಡಕೋತ ತುಂಡು ತುಂಡು ತಗದು ಜೋಡಸ್ರಿ. ಇದನ್ನ ಬಿಚ್ಚಿ ಲಾರಿಯೊಳಗ ತಂದು ಮತ್ತ ಜೋಡಿಸ್ಯಾರ, ಆದ್ದರಿಂದ ಜೋಡಣೆಯ ಗೆರಿಗಳ ಫೋಟೊ ಕಡ್ಡಾಯ. ಕಡಲಿನ ಉಪ್ಪುಗಾಳಿಗೆ ರಿವಿಟ್ ಸುತ್ತಲಿನ ಅಲ್ಯುಮಿನಿಯಮ್ಮು ಪದರ ಪದರಾಗಿ ಏಳ್ತದ, ಬಣ್ಣದ ಕೆಳಗ ಹುಳ ಹರದಂಗ ಗೆರಿ ಬರ್ತಾವ. ಈಗ ತಗದ ರಿವಿಟ್ ಸಾಲಿನ ಫೋಟೊವನ್ನ ಅದೇ ಜಾಗಾದಿಂದ, ಅದೇ ಲೆನ್ಸಿನಿಂದ ಪ್ರತಿವರ್ಷ ತಗದ್ರ, ಮುಂದ ದುರಸ್ತಿ ಮಾಡೋರಿಗೆ ಅದೇ ಮುಖ್ಯ ಪುರಾವೆ ಆಗ್ತದ. ಅಲ್ಲೆ ಡ್ರೋನ್ ಹಾರಿಸಬ್ಯಾಡ್ರಿ. ಕದಂಬ ನೌಕಾನೆಲಿ ಹತ್ರಾನೇ ಅದ.

ಎರಡನೇದು ಗೋವಾ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮ್ಯಾಲೆ ವಾಸ್ಕೋಕ್ಕ ರೈಲು ಅದ. ದಾಬೋಳಿ ಹತ್ತಿರ ನೌಕಾ ವಿಮಾನ ಸಂಗ್ರಹಾಲಯ 1998ರಿಂದ ನಡೀಲಿಕ್ಕತ್ತದ. ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್, ಒಂದು ಕಾಲಕ್ಕ ಏರ್ ಇಂಡಿಯಾದ್ದಾಗಿದ್ದ ಸೂಪರ್ ಕಾನ್ಸ್ಟಲೇಶನ್, ನೌಕಾಪಡೆಯ ಮೊದಲ ವಿಮಾನ ಸೀಲ್ಯಾಂಡ್, ಎಲ್ಲಾ ಬಯಲಾಗ ಅವ. ಮಾರುತ ನೋಡಬೇಕಂದ್ರ ಬೆಂಗಳೂರಿನ ಎಚ್ಎಎಲ್ ಸಂಗ್ರಹಾಲಯ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಾಗ ರೂಪುಗೊಂಡು 1961ರ ಜೂನ್‌ನಾಗ ಮೊದಲ ಸಲ ಹಾರಿದ ಅದು ನಮ್ಮ ರಾಜ್ಯದಾಗೇ ತಯಾರಾದ ಜೆಟ್ಟು, ಒಟ್ಟು 147 ಮಾಡಿದ್ರು. ಡಾ. ಘಾಟಗೆ ಅವರು ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಸುದ್ದಾ ಅಲ್ಲೇ ಅದ.

ಎಲ್ಲಿಗೇ ಹೋಗೋದಿದ್ರೂ ಮೊದಲು ಪತ್ರ ಬರೀರಿ. ಟ್ರೈಪಾಡ್, ಏಣಿ, ಫ್ಲ್ಯಾಶ್ ತರ್ತೀನಿ ಅಂತ ಹೆಸರು ಹಿಡದು ಹೇಳ್ರಿ. ತಗದ ಫೋಟೊಗಳ ಒಂದು ಪ್ರತಿ ಕೊಡ್ತೀನಿ ಅಂತ ಮಾತು ಕೊಡ್ರಿ, ಮುಚ್ಚಿದ ಬಾಗಲಾ ಇದರಿಂದ ತಗೀತಾವ. ಬೆಳಗಾವಿ ಹತ್ರದ ಸಾಂಬ್ರಾದಂಥಾ ವಾಯುಪಡೆಯ ನೆಲಿಗಳ ಬೇಲಿಯಾಚೆಯಿಂದ ಕ್ಯಾಮೆರಾ ಎತ್ತಬ್ಯಾಡ್ರಿ, 1923ರ ಅಧಿಕೃತ ರಹಸ್ಯ ಕಾಯಿದೆ ಇನ್ನೂ ಜಾರಿಯೊಳಗದ.

ಫೈಲಿನ ಹೆಸರಿನ್ಯಾಗ ದಿನಾಂಕ, ಊರು, ಮಾದರಿ, ಕಾರಖಾನಿ ನಂಬರು, ದಿಕ್ಕು ಈ ಕ್ರಮದಾಗ ಇರಲಿ. ಹೊರಗ ಬರದ ನಂಬರನ್ನ ಬ್ಯಾರೆ ಕಾಲಮಿನ್ಯಾಗ ಹಾಕ್ರಿ. ಕಾವಲುಗಾರರು, ನಿವೃತ್ತ ಯೋಧರು ಹೇಳಿದ್ದನ್ನ ‘ಕೇಳಿದ್ದು’ ಅಂತ, ನೀವೇ ಓದಿದ ಅಂಕಿಯನ್ನ ‘ಕಂಡದ್ದು’ ಅಂತ ಬರೀರಿ. ಎರಡೂ ಕೂಡಿದ್ರ ಆಮ್ಯಾಲೆ ಬಿಡಸಲಿಕ್ಕ ಬರೂದಿಲ್ಲ. ಕ್ಯಾಮೆರಾದ ಮೂಲ (ರಾ) ಫೈಲುಗಳು ಎರಡು ಡಿಸ್ಕಿನ್ಯಾಗ, ಎರಡು ಮನಿಯಾಗ ಇರಲಿ.

ಇಷ್ಟಾಗಿಯೂ ಯಲಹಂಕಕ್ಕ ಹೋಗೋದಿದ್ರ ಆ ಲೆನ್ಸ್ ಬಾಡಿಗಿ ತಗೊಳ್ರಿ. ಜೆಟ್ಟಿಗೆ ಸೆಕೆಂಡಿನ 1000ನೇ ಒಂದು ಪಾಲಿಗಿಂತ ಹೆಚ್ಚಿನ ಶಟರ್ ವೇಗ ಬೇಕು. ವಾಯುಪಡೆಯ ಹಳೇ ಪಂಖಾದ ವಿಮಾನ ಡಕೋಟಾ, ನಂಬರು ವಿಪಿ 905, ಅಕಸ್ಮಾತ್ ಬಂದ್ರ 125ನೇ ಪಾಲಿಗೆ ಇಳಸ್ರಿ. ಅದಕ್ಕಿಂತ ವೇಗ ಇಟ್ರ ಪಂಖಾ ನಿಂತಂಗ ಕಾಣಸ್ತದ, ವಿಮಾನ ದಾರಕ್ಕ ಕಟ್ಟಿ ತೂಗಬಿಟ್ಟಂಗ ಆಗ್ತದ.