ಮನೆ ಪಕ್ಕ ಮಾಲ್ ಬರುತ್ತಿದೆ, ನಮ್ಮನ್ನು ಯಾರೂ ಕೇಳಲಿಲ್ಲ. ಈಗ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಬೆಂಗಳೂರಿನ ನಿಮ್ಮ ಬಡಾವಣೆಯ ಪಕ್ಕ ಮುಚ್ಚಿಹೋದ ಒಂದು ಕಾರ್ಖಾನೆಯ ಜಾಗಕ್ಕೆ ಸುತ್ತ ತಗಡು ಹೊಡೆದಿದ್ದಾರೆ. ದೊಡ್ಡ ಮಾಲ್ ಬರುತ್ತದಂತೆ. ‘ಪರಿಸರ ಅನುಮತಿ ಎಲ್ಲ ಆಗಿದೆ’ ಅಂತ ವಾಚ್‌ಮನ್ ಹೇಳುತ್ತಾನೆ. ನಿಮ್ಮನ್ನು ಯಾವ ಸಭೆಗೂ ಕರೆದಿಲ್ಲ. ಹೀಗೆ ಕರೆಯದೆ ಅನುಮತಿ ಕೊಡಬಹುದಾ, ಇದನ್ನು ತಡೆಯೋಕಾಗುತ್ತಾ ಅಂತ ಕೇಳಿದ್ದೀರಿ.

ಕೊಡಬಹುದು. ಕಾನೂನೇ ಹಾಗಿದೆ. ನಾನು ಒಂದಷ್ಟು ವರ್ಷ ಇಂಥ ಅರ್ಜಿಗಳನ್ನು ತಯಾರು ಮಾಡುವ ಕೆಲಸದಲ್ಲಿದ್ದವನು, ಅಂದರೆ ಬಿಲ್ಡರ್ ಕಡೆ. ಹಾಗಾಗಿ ಆ ದಪ್ಪ ಫೈಲಿನಲ್ಲಿ ಯಾವ ಪುಟ ಓದಬೇಕು, ಯಾವುದನ್ನು ತಿರುವಿ ಹಾಕಿದರೂ ನಷ್ಟ ಇಲ್ಲ ಅನ್ನುವುದನ್ನು ಹೇಳಬಲ್ಲೆ.

ಇದಕ್ಕೆಲ್ಲ ಮೂಲ 2006ರ ಸೆಪ್ಟೆಂಬರ್ 14ರ ಇಐಎ (ಯೋಜನೆಯಿಂದ ಪರಿಸರದ ಮೇಲೆ ಏನು ಪರಿಣಾಮ ಅಂತ ಅಂದಾಜು ಮಾಡುವುದು) ಅಧಿಸೂಚನೆ. ಕಲ್ಲಿದ್ದಲು ಗಣಿ, ಸಿಮೆಂಟ್ ಕಾರ್ಖಾನೆ, ವಿದ್ಯುತ್ ಸ್ಥಾವರದಂಥ ದೊಡ್ಡ ಯೋಜನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಊರಲ್ಲಿ ಪೆಂಡಾಲ್ ಹಾಕಿ ಅಹವಾಲು ಸಭೆ ನಡೆಸುತ್ತಾರೆ. ಆದರೆ ಅದೇ ಅಧಿಸೂಚನೆಯ ಪಟ್ಟಿಯಲ್ಲಿ 8ನೇದು ಕಟ್ಟಡಗಳು. ಮಾಲ್, ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಟೌನ್‌ಶಿಪ್ ಎಲ್ಲ ಅದರಲ್ಲೇ ಬರುತ್ತವೆ. ಈ 8ನೇದಕ್ಕೆ ಜನರ ಅಹವಾಲು ಕೇಳುವುದರಿಂದ ಪೂರ್ತಿ ವಿನಾಯಿತಿ ಕೊಟ್ಟುಬಿಟ್ಟಿದ್ದಾರೆ. ಒಂದು ಗಣಿಯ ಪಕ್ಕ ಎರಡು ಹಳ್ಳಿ ಇದ್ದರೆ ಅವರ ಮಾತು ಕೇಳಬೇಕು, ಮಾಲಿನ ಪಕ್ಕ 20 ಸಾವಿರ ಜನ ಇದ್ದರೂ ಕೇಳಬೇಕಾಗಿಲ್ಲ. ನನಗೆ ಇದರ ತರ್ಕ ಇವತ್ತಿಗೂ ಒಪ್ಪಿಗೆ ಆಗಿಲ್ಲ.

ಇನ್ನು ಅಳತೆ. ಕಟ್ಟುವ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ (ಸುಮಾರು 2.15 ಲಕ್ಷ ಚದರಡಿ) ಮುಟ್ಟಿದರೆ ಪರಿಸರ ಅನುಮತಿ ಬೇಕು. ಅಲ್ಲಿಂದ 1,50,000 ಚದರ ಮೀಟರ್ ಒಳಗಿದ್ದರೆ 8(ಎ). ಇದಕ್ಕೆ ಪೂರ್ಣ ಪ್ರಮಾಣದ ಇಐಎ ವರದಿ ಕೂಡ ಬೇಡ, ಫಾರ್ಮ್ 1, ಫಾರ್ಮ್ 1ಎ ಮತ್ತು ಒಂದು ಪರಿಕಲ್ಪನಾ ನಕ್ಷೆ ಸಾಕು. 1,50,000 ಮುಟ್ಟಿದರೆ, ಅಥವಾ ಜಾಗ 50 ಹೆಕ್ಟೇರ್ ಇದ್ದರೆ 8(ಬಿ), ಆಗ ವರದಿ ಬೇಕು. ಎರಡನ್ನೂ ನೋಡುವುದು ರಾಜ್ಯ ಮಟ್ಟದಲ್ಲೇ. ತಜ್ಞರ ಸಮಿತಿ (ಎಸ್‌ಇಎಸಿ) ಪರಿಶೀಲಿಸಿ ಶಿಫಾರಸು ಮಾಡುತ್ತದೆ, ಪ್ರಾಧಿಕಾರ (ಎಸ್‌ಇಐಎಎ) ಆದೇಶ ಕೊಡುತ್ತದೆ. ತಿರುವನಂತಪುರದ ಲುಲು ಮಾಲ್ ವಿಷಯದಲ್ಲಿ ‘ಇಷ್ಟು ದೊಡ್ಡದಕ್ಕೆ ರಾಜ್ಯದವರು ಹೇಗೆ ಅನುಮತಿ ಕೊಟ್ಟರು’ ಅಂತ ಒಬ್ಬರು ಕೋರ್ಟಿಗೆ ಹೋಗಿದ್ದರು. 2021ರಲ್ಲಿ ಕೇರಳ ಹೈಕೋರ್ಟ್ ಆ ಅರ್ಜಿ ವಜಾ ಮಾಡಿತು. ಆ ದಾರಿಯಲ್ಲಿ ಹೋಗಬೇಡಿ.

20,000ದ ಗೆರೆ ಇದೆಯಲ್ಲ, ಅದರ ಕೆಳಗೆ ಸ್ವಲ್ಪದರಲ್ಲಿ ನಿಲ್ಲುವ ಕಟ್ಟಡಗಳನ್ನು ಅನುಮಾನದಿಂದಲೇ ನೋಡಿ. ಜಾಗವನ್ನು ಎರಡು ಸರ್ವೆ ನಂಬರ್, ಎರಡು ಕಂಪನಿ ಹೆಸರಲ್ಲಿ ಒಡೆದು, ಒಂದೊಂದೂ ಗೆರೆಯ ಒಳಗೇ ಇದೆ ಅಂತ ತೋರಿಸುವುದು ಹಳೆ ಚಾಳಿ. ಇನ್ನೊಂದು ವಿಷಯ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಪಾಲಿಕೆಯ ನಕ್ಷೆಯಲ್ಲಿ ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅನುಪಾತ) ಲೆಕ್ಕ ಹಾಕುವಾಗ ಪಾರ್ಕಿಂಗ್ ಜಾಗ ಬಿಡುತ್ತಾರೆ. ಪರಿಸರ ಅನುಮತಿಗೆ ಹಾಗಲ್ಲ, 2011ರ ತಿದ್ದುಪಡಿ ಪ್ರಕಾರ ಬೇಸ್‌ಮೆಂಟ್ ಸೇರಿ ಎಲ್ಲ ಮಹಡಿಯ ಒಟ್ಟು ವಿಸ್ತೀರ್ಣ. ಮಾಲಿಗೆ ಮೂರು ಬೇಸ್‌ಮೆಂಟ್ ಇದ್ದರೆ ಈ ಎರಡು ಸಂಖ್ಯೆಗಳ ನಡುವೆ ಭಾರಿ ವ್ಯತ್ಯಾಸ ಇರುತ್ತದೆ. ಪಾಲಿಕೆಯ ಸಣ್ಣ ಸಂಖ್ಯೆ ತೋರಿಸಿ ‘ನಮಗೆ ಇಸಿ (ಪರಿಸರ ಅನುಮತಿ) ಬೇಕಾಗಿಲ್ಲ’ ಅಂದರೆ ಅದು ಸುಳ್ಳು.

ಈಗ ನಿಮ್ಮ ಕೆಲಸಕ್ಕೆ ಬರೋಣ. ವಾಚ್‌ಮನ್ ಮಾತು ಬಿಡಿ. ಪರಿಸರ ಅನುಮತಿಯ ಅರ್ಜಿಗಳನ್ನೆಲ್ಲ ಹಾಕುವ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಕರ್ನಾಟಕ, ಬೆಂಗಳೂರು ನಗರ ಅಂತ ಹಾಕಿ ಕಂಪನಿ ಹೆಸರಲ್ಲಿ ಹುಡುಕಿ. ಕಂಪನಿ ಹೆಸರು ಗೊತ್ತಿಲ್ಲದಿದ್ದರೆ ಸರ್ವೆ ನಂಬರ್ ಹಿಡಿದು ಪಹಣಿಯಲ್ಲೋ ಇಸಿಯಲ್ಲೋ (ಇದು ಋಣಭಾರ ಪತ್ರದ ಇಸಿ, ಗೊಂದಲ ಬೇಡ) ನೋಡಿ. ಅರ್ಜಿ ಯಾವ ಹಂತದಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇನ್ನೂ ತಜ್ಞರ ಸಮಿತಿ ಮುಂದೆ ಬಂದಿಲ್ಲ ಅಂದರೆ ನಿಮ್ಮ ಅದೃಷ್ಟ. ಸಭೆಯ ಅಜೆಂಡಾ ಮೊದಲೇ ಬರುತ್ತದೆ. ಅಹವಾಲು ಸಭೆ ಇಲ್ಲ ಅಂದ ಮಾತ್ರಕ್ಕೆ ಪತ್ರ ಬರೆಯಬಾರದು ಅಂತೇನೂ ಇಲ್ಲ. ಸಮಿತಿಯ ಕಾರ್ಯದರ್ಶಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯಲ್ಲಿ ಕೂರುವುದು ಸಮಿತಿಯವರು, ಬಿಲ್ಡರ್ ಮತ್ತು ಕನ್ಸಲ್ಟೆಂಟ್ ಮಾತ್ರ. ಅವತ್ತು ಟೇಬಲ್ ಮೇಲೆ ನಿಮ್ಮದೊಂದು ಕಾಗದ ಇದ್ದರೆ ಯಾರಾದರೂ ಒಬ್ಬ ಸದಸ್ಯ ಅದರಿಂದ ಒಂದು ಪ್ರಶ್ನೆ ಎತ್ತುವ ಸಾಧ್ಯತೆ ಇದೆ, ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾದರೆ ಮುಂದೆ ಕೋರ್ಟಿಗೂ ಅದೇ ಆಧಾರ.

ಪತ್ರದಲ್ಲಿ ‘ನಮ್ಮ ಬಡಾವಣೆಯ ಶಾಂತಿ ಹಾಳಾಗುತ್ತದೆ’ ಅಂತ ಎರಡು ಪುಟ ಬರೆದರೆ ಸುಮ್ನೆ ಕಾಗದ ದಂಡ. ಅಂಕಿ ಹಿಡಿಯಿರಿ.

ಮೊದಲು ಟ್ರಾಫಿಕ್ ಅಧ್ಯಯನ ತೆಗೆಯಿರಿ. ಕಚೇರಿ ಕಟ್ಟಡಕ್ಕೆ ವಾಹನ ಎಣಿಸುವ ಹಾಗೆ ಮಾಲಿಗೂ ಮಂಗಳವಾರವೋ ಬುಧವಾರವೋ ಎಣಿಸಿರುತ್ತಾರೆ. ಬೆಳಿಗ್ಗೆ 9ಕ್ಕೆ ಮಾಲಿಗೆ ಯಾರು ಹೋಗುತ್ತಾರೆ? ಮಾಲಿನ ನಿಜವಾದ ಹೊರೆ ಶನಿವಾರ, ಭಾನುವಾರ ಸಂಜೆ. ಆ ಹೊತ್ತಿನ ಎಣಿಕೆ ವರದಿಯಲ್ಲಿ ಇಲ್ಲದಿದ್ದರೆ ಅದನ್ನೇ ಕೇಳಿ. ಆಮೇಲೆ ಗೇಟ್ ಎಲ್ಲಿದೆ ನೋಡಿ. ಮುಖ್ಯರಸ್ತೆಗೆ ಒಳಬರುವ ಗೇಟು, ನಿಮ್ಮ 30 ಅಡಿ ರಸ್ತೆಗೆ ಹೊರಹೋಗುವ ಗೇಟು ಅಂತ ಇದ್ದರೆ ನಿಮ್ಮ ಅರ್ಧ ಕಷ್ಟ ಅಲ್ಲೇ ಇದೆ, ಮತ್ತು ಬದಲಿಸಲು ಸುಲಭವಾದದ್ದೂ ಅದೇ. ಸಾಮಾನು ತರುವ ಲಾರಿಗಳು ರಾತ್ರಿ ಎಲ್ಲಿ ನಿಲ್ಲುತ್ತವೆ ಅನ್ನುವುದು ಹೆಚ್ಚಿನ ವರದಿಗಳಲ್ಲಿ ಒಂದು ಸಾಲು ಕೂಡ ಇರುವುದಿಲ್ಲ. ಅದನ್ನೂ ಬರೆಯಿರಿ.

ಎರಡನೇದು ನೀರು. ದಿನಕ್ಕೆ 20 ಸಾವಿರ ಜನ ಬರುತ್ತಾರೆ, ತಲೆಗೆ 15 ಲೀಟರ್ ಅಂತ ಹಿಡಿದರೆ 3 ಲಕ್ಷ ಲೀಟರ್ ಆಯಿತು. ಇದು ಉದಾಹರಣೆಗೆ ಹೇಳಿದ್ದು, ನಿಮ್ಮ ಫೈಲಿನಲ್ಲಿ ಬೇರೆ ಅಂಕಿ ಇರುತ್ತದೆ. ಫುಡ್ ಕೋರ್ಟ್, ಎಸಿಯ ಕೂಲಿಂಗ್ ಟವರ್ ಲೆಕ್ಕ ಬೇರೆ. ಕೊಳಚೆ ನೀರನ್ನು ಎಸ್‌ಟಿಪಿಯಲ್ಲಿ (ಕೊಳಚೆ ಶುದ್ಧೀಕರಣ ಘಟಕ) ಶುದ್ಧ ಮಾಡಿ ಫ್ಲಶ್‌ಗೆ, ಕೂಲಿಂಗ್ ಟವರ್‌ಗೆ, ಗಿಡಗಳಿಗೆ ಬಳಸುತ್ತೇವೆ, ಹೊರಗೆ ಒಂದು ಹನಿ ಬಿಡುವುದಿಲ್ಲ ಅಂತ ಒಂದು ಚಂದದ ಚಾರ್ಟ್ ಇರುತ್ತದೆ. ಅದನ್ನು ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಜುಲೈನಲ್ಲಿ ಏನಾಗುತ್ತದೆ? ಮಳೆ ಬರುವಾಗ ಗಿಡಕ್ಕೆ ನೀರು ಬೇಡ, ತಂಪಿರುವಾಗ ಕೂಲಿಂಗ್ ಟವರ್‌ಗೂ ಕಡಿಮೆ ಸಾಕು. ಉಳಿದ ನೀರು ಎಲ್ಲಿಗೆ? ಮಳೆಗಾಲದ ಲೆಕ್ಕವನ್ನು ಬೇರೆ ತೋರಿಸದಿದ್ದರೆ ಅದು ರಾಜಕಾಲುವೆಗೇ ಹೋಗುತ್ತದೆ ಅಂತ ತಿಳಿಯಿರಿ. ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದು ನೆನಪಿದೆಯಲ್ಲ.

ಮೂರು ಬೇಸ್‌ಮೆಂಟ್ ಅಂದರೆ ಹೆಚ್ಚುಕಡಿಮೆ 10 ಮೀಟರ್ ಆಳ. ಅಂತರ್ಜಲ ಮೇಲಿರುವ ಕಡೆ ತಿಂಗಳುಗಟ್ಟಲೆ ಪಂಪ್ ಮಾಡಿ ನೀರು ಹೊರಗೆ ಚೆಲ್ಲುತ್ತಾರೆ. ಅಕ್ಕಪಕ್ಕದ ಬೋರ್‌ವೆಲ್, ಹಳೆ ಮನೆಗಳ ಗೋಡೆ, ಇವುಗಳ ಸ್ಥಿತಿಯನ್ನು ಅಗೆಯುವ ಮೊದಲೇ ಫೋಟೊ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಬಿರುಕು ಬಿಟ್ಟಮೇಲೆ ‘ಇದು ಮೊದಲೇ ಇತ್ತು’ ಅನ್ನುವ ಮಾತು ಗ್ಯಾರಂಟಿ. ನಿಮ್ಮದು ಹಳೆ ಕಾರ್ಖಾನೆ ಜಾಗ ಬೇರೆ. ಬೆಂಗಳೂರಿನ ಎಷ್ಟೋ ಮಾಲ್‌ಗಳು ನಿಂತಿರುವುದು ಮಿಲ್ಲು, ಕಾರ್ಖಾನೆಗಳ ಜಾಗದಲ್ಲೇ, ಮಲ್ಲೇಶ್ವರದ ಹತ್ತಿರ ರಾಜಾ ಮಿಲ್ ಇದ್ದಲ್ಲಿ ಈಗ ಮಾಲ್ ಇದೆ. ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿತ್ತು, ಮಣ್ಣಿನ ಪರೀಕ್ಷೆ ಎಷ್ಟು ಕಡೆ ಮಾಡಿದ್ದಾರೆ, ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ನ್ಯಾಯವಾದ ಪ್ರಶ್ನೆ.

ಬಡಾವಣೆಯ ಕಿರಾಣಿ ಅಂಗಡಿಗಳ ಗತಿ ಏನು ಅಂತಲೂ ಕೇಳಿದ್ದೀರಿ. ನಮ್ಮ ಪದ್ಧತಿಯಲ್ಲಿ ಅದಕ್ಕೆ ಹೆಚ್ಚು ಜಾಗ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೆ. ಬೇಕರ್ಸ್‌ಫೀಲ್ಡ್ ನಗರ ಎರಡು ವಾಲ್‌ಮಾರ್ಟ್ ಸೂಪರ್‌ಸೆಂಟರ್‌ಗಳಿರುವ ಶಾಪಿಂಗ್ ಸೆಂಟರ್‌ಗಳಿಗೆ ಒಪ್ಪಿಗೆ ಕೊಟ್ಟಿತ್ತು. ಹಳೆ ಅಂಗಡಿಗಳು ಮುಚ್ಚಿ, ಖಾಲಿ ಕಟ್ಟಡಗಳು ಪಾಳುಬಿದ್ದು ಊರು ಹಾಳಾಗಬಹುದಾ ಅಂತ ನೋಡಿಲ್ಲ, ಎರಡೂ ಸೇರಿದರೆ ಏನಾಗುತ್ತದೆ ಅಂತಲೂ ನೋಡಿಲ್ಲ ಅಂತ 2004ರಲ್ಲಿ ಮೇಲ್ಮನವಿ ಕೋರ್ಟ್ ಆ ಒಪ್ಪಿಗೆಗಳನ್ನೇ ರದ್ದು ಮಾಡಿತು, ಅಷ್ಟು ಹೊತ್ತಿಗೆ ಕಟ್ಟುವ ಕೆಲಸ ಶುರುವಾಗಿದ್ದರೂ. ಇಲ್ಲಿ ಆ ವಾದ ನಡೆಯುವುದು ಕಷ್ಟ. ಹತ್ತಿರದಲ್ಲೇ ಇನ್ನೊಂದು ಮಾಲ್, ಟೆಕ್ ಪಾರ್ಕ್ ಇದ್ದರೆ ‘ಎರಡರ ವಾಹನ, ಎರಡರ ಕೊಳಚೆ ಸೇರಿಸಿ ಲೆಕ್ಕ ಹಾಕಿ’ ಅನ್ನುವುದನ್ನು ಮಾತ್ರ ಖಂಡಿತ ಬರೆಯಬಹುದು.

ಅನುಮತಿ ಆಗಿಯೇ ಹೋಗಿದೆ ಅಂತಿಟ್ಟುಕೊಳ್ಳಿ. ಆಗ ಗಡಿಯಾರ ಓಡುತ್ತಿರುತ್ತದೆ. ಆದೇಶ ಬಂದಮೇಲೆ ಬಿಲ್ಡರ್ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು. ಯಾರೂ ಓದದ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ ಅದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ಸರಿಯಾದ ಕಾರಣ ಕೊಟ್ಟರೆ ಇನ್ನು 60 ದಿನ. 90 ದಾಟಿತು ಅಂದರೆ ಆ ಬಾಗಿಲು ಮುಚ್ಚಿತು. ನಮಗೆ ಚೆನ್ನೈನ ದಕ್ಷಿಣ ಪೀಠ. ಅನುಮತಿಯ ಷರತ್ತು ಮುರಿದರೆ ಅದು ಬೇರೆ ಅರ್ಜಿ, ಅದಕ್ಕೆ 6 ತಿಂಗಳ ಅವಧಿ. ಅಂದಹಾಗೆ, ಅನುಮತಿ ಬರುವ ಮೊದಲು ಬೇಲಿ, ತಗಡು, ಕಾವಲಿನವನ ಶೆಡ್ ಹಾಕಬಹುದು, ಜಾಗ ಅಗೆಯುವ ಹಾಗಿಲ್ಲ. ಜೆಸಿಬಿ ಒಳಗೆ ಹೋದ ದಿನ ದಿನಾಂಕ ಕಾಣುವ ಹಾಗೆ ಫೋಟೊ ತೆಗೆದಿಡಿ.

ಹಸಿರು ಪೀಠದಿಂದ ಏನಾದರೂ ಆಗುತ್ತಾ ಅಂತ ಅನುಮಾನ ಇದ್ದರೆ ಅಗರ–ಬೆಳ್ಳಂದೂರು ಕೆರೆಗಳ ನಡುವೆ ಕಟ್ಟಲು ಹೊರಟಿದ್ದ ದೊಡ್ಡ ಯೋಜನೆಗಳ ಪ್ರಕರಣ ನೋಡಿ. ಫಾರ್ವರ್ಡ್ ಫೌಂಡೇಶನ್ ಅನ್ನುವ ಸಂಸ್ಥೆ ಮತ್ತು ಇತರರು ದಾವೆ ಹೂಡಿದರು. 2015ರ ಮೇನಲ್ಲಿ ನ್ಯಾಯಮಂಡಳಿ ಅಲ್ಲಿನ ಬಿಲ್ಡರ್‌ಗಳಾದ ಮಂತ್ರಿ ಟೆಕ್‌ಜೋನ್‌ಗೆ 117.35 ಕೋಟಿ, ಕೋರ್‌ಮೈಂಡ್‌ಗೆ 22.5 ಕೋಟಿ ರೂಪಾಯಿ ದಂಡ ಹಾಕಿತು. 2016ರಲ್ಲಿ ಇಡೀ ಬೆಂಗಳೂರಿಗೆ ಅನ್ವಯಿಸುವ ಹಾಗೆ ಕೆರೆಯಿಂದ 75 ಮೀಟರ್ ಬಿಡಬೇಕು ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ 75 ಮೀಟರ್ ಆದೇಶವನ್ನು ತೆಗೆದುಹಾಕಿತು. ಮಾಸ್ಟರ್ ಪ್ಲ್ಯಾನ್ ಬದಲಿಸುವುದು ನ್ಯಾಯಮಂಡಳಿಯ ಕೆಲಸ ಅಲ್ಲ ಅನ್ನುವುದು ಅದರ ಅರ್ಥ. ಒಂದು ಯೋಜನೆಯ ಮೇಲೆ ನಿಖರವಾಗಿ ಹೋದಾಗ ಕೆಲಸ ಆಗಿದೆ, ಊರಿಗೆಲ್ಲ ನಿಯಮ ಮಾಡಲು ಹೋದಾಗ ನಿಂತಿಲ್ಲ.

ನಗರದ ಅನುಮತಿ ಪೂರ್ತಿ ಬೇರೆ ದಾರಿ, ಇಸಿ ಸಿಕ್ಕ ಮಾತ್ರಕ್ಕೆ ಅದು ಸಿಕ್ಕ ಹಾಗಲ್ಲ. ನಕ್ಷೆ ಮಂಜೂರಾತಿ, ಜಾಗ ದೊಡ್ಡದಾದರೆ ಯೋಜನಾ ಪ್ರಾಧಿಕಾರದ ಡೆವಲಪ್‌ಮೆಂಟ್ ಪ್ಲ್ಯಾನ್, ಮಾಲಿನ್ಯ ಮಂಡಳಿಯ ಸಿಎಫ್‌ಇ (ಕಟ್ಟಲು ಶುರು ಮಾಡುವ ಮೊದಲಿನ ಒಪ್ಪಿಗೆ), ಜಲಮಂಡಳಿ, ಅಗ್ನಿಶಾಮಕ, ಬೆಸ್ಕಾಂ, ಕೊನೆಗೆ ಓಸಿ (ಕಟ್ಟಡ ಬಳಸಬಹುದು ಅನ್ನುವ ಸ್ವಾಧೀನ ಪತ್ರ). 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ 5 ಪಾಲಿಕೆಗಳಿವೆ, ಹಾಗಾಗಿ ನಿಮ್ಮದು ಯಾವುದು ಅಂತ ನೋಡಿಕೊಂಡು ಆರ್‌ಟಿಐ ಹಾಕಿ. ಜನ ಮಾತ್ರ ಮೊದಲು ಕಾರ್ಪೊರೇಟರ್ ಮನೆಗೆ ಓಡುತ್ತಾರೆ. 2020ರಲ್ಲಿ ಹಳೆ ಕೌನ್ಸಿಲ್ ಅವಧಿ ಮುಗಿದಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ, ಆಗಲೂ ಮಾಲ್‌ಗಳಿಗೆ ಮಂಜೂರಾತಿ ನಿಂತಿರಲಿಲ್ಲ.

ಈ ದಾರಿಯಲ್ಲಿ ಎರಡು ಕಡೆ ಮಾತ್ರ ಕಾನೂನು ನಿಮ್ಮ ಆಕ್ಷೇಪಣೆಯನ್ನು ಕೇಳಲೇಬೇಕು. ಕೈಗಾರಿಕಾ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ ನಗರ ಯೋಜನಾ ಕಾಯ್ದೆಯ 14ಎ ಪ್ರಕಾರ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ನಿಮ್ಮದು ಕಾರ್ಖಾನೆ ಜಾಗ ಆದ್ದರಿಂದ ಇದನ್ನೇ ಮೊದಲು ಹುಡುಕಿ, ಮಾಸ್ಟರ್ ಪ್ಲ್ಯಾನ್‌ನಲ್ಲಿ ಆ ಜಾಗಕ್ಕೆ ಯಾವ ವಲಯದ ಬಣ್ಣ ಇದೆ ಅಂತ. ಇನ್ನೊಂದು ಮರ. 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಹಳೆ ಕಾರ್ಖಾನೆ ಆವರಣಗಳಲ್ಲಿ ಮಳೆಮರ, ಗುಲ್‌ಮೊಹರ್ ಜಾಸ್ತಿ ಇರುತ್ತವೆ. ಪಕ್ಕದ ಮನೆಯ ತಾರಸಿ ಹತ್ತಿ ಎಣಿಸಿಕೊಳ್ಳಿ, ಅರ್ಜಿಯಲ್ಲಿ ಎಷ್ಟು ಅಂತ ಬರೆದಿದ್ದಾರೆ ಅಂತ ಆಮೇಲೆ ತಾಳೆ ನೋಡಿ.

ತಡೆಯೋಕಾಗುತ್ತಾ ಅಂತ ಕೇಳಿದಿರಿ. ಜಾಗ ಅವರದ್ದು, ವಲಯ ಸರಿಯಿದೆ, ರಾಜಕಾಲುವೆ ಒತ್ತುವರಿ ಇಲ್ಲ ಅಂದರೆ ಮಾಲ್ ಬಂದೇ ಬರುತ್ತದೆ. ಆದರೆ ಗೇಟು ಮುಖ್ಯರಸ್ತೆಗೆ ಹೋಗಬಹುದು, ಒಂದು ಬೇಸ್‌ಮೆಂಟ್ ಕಡಿಮೆ ಆಗಬಹುದು, ಎಸ್‌ಟಿಪಿ ದೊಡ್ಡದಾಗಬಹುದು, ಜನರೇಟರ್ ನಿಮ್ಮ ಮಲಗುವ ಕೋಣೆಯ ಗೋಡೆಯಿಂದ ಆಚೆ ಹೋಗಬಹುದು. ಅರ್ಜಿ ಯಾವ ಹಂತದಲ್ಲಿದೆ ಅಂತ ಪೋರ್ಟಲ್‌ನಲ್ಲಿ ನೋಡಿ ಇಲ್ಲಿ ಹಾಕಿ. ಪತ್ರದ ಕರಡು ಮಾಡುವಾಗ ನೀರಿನ ಚಾರ್ಟ್ ಮತ್ತು ಟ್ರಾಫಿಕ್ ಪುಟಗಳನ್ನು ಕಳಿಸಿದರೆ ನಾನೂ ಒಮ್ಮೆ ಕಣ್ಣಾಡಿಸುತ್ತೇನೆ.